12×12 ಅಂತ ಬರೆದ ಗ್ರೋ ಬ್ಯಾಗ್ ಕೊಳ್ಳುವ ಮೊದಲು ಇಂಚು ಟೇಪು ಹಿಡಿಯಿರಿ

ತುಮಕೂರಿನಲ್ಲಿ ಈಗ ತಾರಸಿ ಮೇಲೆ ತರಕಾರಿ ಬೆಳೆಯುವವರು ಜಾಸ್ತಿ. ಅವರಿಗೆ ಮೊಬೈಲ್‌ನಲ್ಲಿ ಗ್ರೋ ಬ್ಯಾಗ್, ಅಂದರೆ ಮಣ್ಣು ತುಂಬಿ ಗಿಡ ಬೆಳೆಸುವ ಚೀಲ, ಮಾರುವವರು ಇನ್ನೂ ಜಾಸ್ತಿ. "12×12 ಕಾಂಬೊ, ಬೀಜ ಫ್ರೀ, ಟಾನಿಕ್ ಫ್ರೀ" ಅನ್ನುವ ಜಾಹೀರಾತು ನಿಮಗೂ ಬಂದಿರುತ್ತದೆ. ದುಡ್ಡು ಕಟ್ಟುವ ಮೊದಲು ಇದನ್ನು ಓದಿಬಿಡಿ. ಯಾರು ಮಾರಿದರು ಅಂತ ಹೆಸರು ಬರೆಯುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಸಾಚಾ ಅಂದುಕೊಳ್ಳುತ್ತೀರಿ.

ನಮ್ಮ ಮನೆ ಶೆಟ್ಟಿಹಳ್ಳಿ ಕಡೆ. ಮೇಲೆ ಒಳ್ಳೆ ಬಿಸಿಲು ಬೀಳುವ ತಾರಸಿ ಇದೆ. ಜಾಹೀರಾತಿನ ಫೋಟೊದಲ್ಲಿ ಒಂದು ಹೆಂಗಸು ಮೊಣಕಾಲೆತ್ತರದ ಬ್ಯಾಗಿನ ಪಕ್ಕ ಕೂತಿದ್ದಳು, ಗಿಡದ ತುಂಬ ಟೊಮೇಟೊ. ಬಾಯಿ 12 ಇಂಚು, ಎತ್ತರ 12 ಇಂಚು, ದಪ್ಪ 260 ಜಿಎಸ್‌ಎಂ (ಚದರ ಮೀಟರಿಗೆ 260 ಗ್ರಾಂ) ಅಂತ ಬರೆದಿದ್ದರು. ಲೆಕ್ಕ ಹಾಕಿದರೆ ಅಂಥ ಬ್ಯಾಗು ಹೆಚ್ಚು ಕಡಿಮೆ 22 ಲೀಟರ್ ಹಿಡಿಯಬೇಕು. ಅದಕ್ಕೆ ಸರಿಯಾಗಿ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ, ಬೇವಿನ ಹಿಂಡಿ ತರಿಸಿ ಕಲಸಿಟ್ಟಿದ್ದೆವು. ಕೋಕೋಪೀಟ್ ಗೊತ್ತಲ್ವಾ, 5 ಕೆಜಿ ಇಟ್ಟಿಗೆಗೆ ನೀರು ಹಾಕಿದರೆ 70 ಲೀಟರ್ ಆಗಿ ಉಬ್ಬಿ ಕೂರುತ್ತದೆ.

ಬ್ಯಾಗು ಬಂದವು. ತುಂಬಿಸಿದೆವು. ಎಲ್ಲಾ ಬ್ಯಾಗು ತುಂಬಿ ಮುಗಿದ ಮೇಲೂ ಮಣ್ಣಿನ ಗುಡ್ಡೆ ಅರ್ಧಕ್ಕಿಂತ ಕರಗಿರಲಿಲ್ಲ. "ಮಣ್ಣು ಜಾಸ್ತಿ ತರಿಸಿಬಿಟ್ರಿ" ಅಂತ ಮನೆಯವರಿಗೆ ರೇಗಿದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಟೇಪು ತಂದು ಬ್ಯಾಗಿನ ಬಾಯಿಗೆ ಇಟ್ಟರು. ಏಳೂವರೆ ಇಂಚು ಚಿಲ್ಲರೆ.

ಕಂಪನಿಗೆ ಫೋನ್ ಮಾಡಿದೆ. ಎತ್ತಿದ ಹುಡುಗ ಒಂಚೂರೂ ತಡವರಿಸಲಿಲ್ಲ. "ಮೇಡಂ, ಅದು ಫ್ಲಾಟ್ ಸೈಜ್. ಖಾಲಿ ಬ್ಯಾಗನ್ನ ನೆಲದ ಮೇಲೆ ಚಪ್ಪಟೆ ಇಟ್ಟು ಅಳೀರಿ, ಕರೆಕ್ಟಾಗಿ 12 ಬರುತ್ತೆ." ಅಳೆದೆ. ಬಂತು!

ಮೋಸ ಇರುವುದೇ ಇಲ್ಲಿ. ಚಪ್ಪಟೆ ಇಟ್ಟಾಗ 12 ಇಂಚು ಅಂದರೆ ಸುತ್ತಳತೆ 24 ಇಂಚು. 24ನ್ನು 3.14ರಿಂದ ಭಾಗಿಸಿ, ದುಂಡಗೆ ನಿಲ್ಲಿಸಿದಾಗಿನ ಬಾಯಿ 7.6 ಇಂಚು. ತಳ ದುಂಡಗಾಗುವಾಗ ಎತ್ತರವನ್ನೂ ಒಂದಿಷ್ಟು ನುಂಗುತ್ತದೆ. ಕೊನೆಗೆ ಮಣ್ಣು ಹಿಡಿಯುವುದು 7 ಲೀಟರ್ ಆಸುಪಾಸು. 22 ಎಲ್ಲಿ, 7 ಎಲ್ಲಿ! ನರ್ಸರಿಗಳಲ್ಲಿ ಸಸಿ ಹಾಕುವ ಕಪ್ಪು ಕವರ್‌ಗಳನ್ನು ಮೊದಲಿನಿಂದಲೂ ಚಪ್ಪಟೆ ಅಳತೆಯಲ್ಲೇ ಮಾರುತ್ತಾರೆ, ಅದು ನರ್ಸರಿಯವರಿಗೆ ಗೊತ್ತು. ಮನೆಯಲ್ಲಿ ಬೆಳೆಯುವವರಿಗೆ ಆ ಲೆಕ್ಕ ಹೇಳದೆ, ದುಂಡನೆಯ ದೊಡ್ಡ ಬ್ಯಾಗಿನ ಫೋಟೊ ಹಾಕಿ ಮಾರುವುದು ಶುದ್ಧ ಕಳ್ಳಾಟ. ಅದಕ್ಕೇ ಇಂಚು ಕೇಳಬೇಡಿ, ಎಷ್ಟು ಲೀಟರ್ ಅಂತ ಕೇಳಿ. ಲೀಟರ್ ಹೇಳಲು ತಡಕಾಡುವವರ ಹತ್ತಿರ ವ್ಯಾಪಾರವೇ ಬೇಡ.

ಕಾಂಬೊ ಜೊತೆ ಒಂದು ಚೀಟಿಯೂ ಬಂದಿತ್ತು. ಯಾವ ಹಂತದಲ್ಲಿ ಎಷ್ಟು ದೊಡ್ಡ ಕುಂಡ ಅನ್ನುವ ಪಟ್ಟಿ, ಎಲ್ಲಾ ಗ್ಯಾಲನ್ ಲೆಕ್ಕ. ಜೊತೆಗೆ 18 ಗಂಟೆ ಲೈಟು, ಆಮೇಲೆ 12 ಗಂಟೆ ಲೈಟು ಅಂತ ಇತ್ತು. ಟೊಮೇಟೊಗೆ ಯಾಕೆ ಲೈಟು ಅಂತ ನನಗೆ ಅರ್ಥವಾಗಲಿಲ್ಲ. ಕಾಲೇಜಿಗೆ ಹೋಗುವ ನಮ್ಮ ಚಿಕ್ಕಮ್ಮನ ಮಗ ನೋಡಿ ಬಿದ್ದು ಬಿದ್ದು ನಕ್ಕ. "ಅಕ್ಕಾ, ಇದು ಗಾಂಜಾ ಬೆಳೆಯೋರ ಚಾರ್ಟು. ಫಾರಿನ್ನಿಂದ ಹಾಗೇ ಕಾಪಿ ಹೊಡೆದವ್ರೆ." ಕೆನಡಾದಲ್ಲಿ 2018ರಿಂದ ಅದು ಕಾನೂನುಬದ್ಧ, ಬಹುತೇಕ ಕಡೆ ಮನೆಗೆ 4 ಗಿಡ ಬೆಳೆಯಬಹುದು. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಆ ಗಿಡ ಬೆಳೆದರೆ 10 ವರ್ಷದ ತನಕ ಕಠಿಣ ಜೈಲು, 1 ಲಕ್ಷದ ತನಕ ದಂಡ. ಅಂಥ ಚೀಟಿಯನ್ನು ಬೆಂಡೆ ಬೀಜದ ಜೊತೆ ಮಡಚಿ ಕಳಿಸಿದ್ದಾರೆ ನೋಡಿ.

ಆ ಪಟ್ಟಿ ಅಲ್ಲಿನ ಗಾಂಜಾ ಬೆಳೆಯುವವರಿಗೆ ಸರಿ ಇರಬಹುದು. ಅವರದು ಮುಚ್ಚಿದ ಕೋಣೆ, ಹದವಾದ ಬಿಸಿ, ನೀರಿನಲ್ಲೇ ಕರಗಿಸಿ ಕೊಡುವ ಗೊಬ್ಬರ. ಅಲ್ಲಿ 3 ಗ್ಯಾಲನ್, ಅಂದರೆ 11 ಲೀಟರ್ ಸಾಕಾಗಬಹುದು. ಏಪ್ರಿಲ್ ಬಿಸಿಲಿನ ತುಮಕೂರಿನ ತಾರಸಿಗೆ ಆ ಲೆಕ್ಕ ಹೊಂದುವುದಿಲ್ಲ. ಗ್ಯಾಲನ್‌ನಲ್ಲೂ ಆಟ ಇದೆ. ಅಮೆರಿಕದ ಗ್ಯಾಲನ್ 3.8 ಲೀಟರ್. ಆದರೆ ಅಲ್ಲಿನ ನರ್ಸರಿಯವರು ಒಂದು ಗ್ಯಾಲನ್ ಅಂತ ಕರೆಯುವ ಕುಂಡ 3 ಲೀಟರ್ ಕೂಡ ಹಿಡಿಯದೆ ಇರಬಹುದು. ಅಳತೆಯಲ್ಲಿ ಗೋಲ್‌ಮಾಲ್ ಮಾಡುವ ಬುದ್ಧಿ ಎಲ್ಲಾ ದೇಶದಲ್ಲೂ ಒಂದೇ.

ನಮ್ಮ ಟೊಮೇಟೊ ಗಿಡಗಳ ಕಥೆಗೆ ಬರುತ್ತೇನೆ. ಸಸಿ ಚೆನ್ನಾಗಿಯೇ ಎದ್ದವು. ಹೂ ಬಿಡುವ ಹೊತ್ತಿಗೆ ಬೆಳಿಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೆ ಎಲೆ ಜೋತು ಬೀಳುತ್ತಿತ್ತು. ಕಾಯಿ ಬಂತು, ಬಂದ ಕಾಯಿಯ ತಳ ಕಪ್ಪಾಗಿ, ಚರ್ಮದ ಹಾಗೆ ಒಣಗಿ ಒಳಕ್ಕೆ ಕುಸಿಯಿತು. ಮತ್ತೆ ಫೋನ್. "ಕ್ಯಾಲ್ಸಿಯಂ ಕೊರತೆ ಮೇಡಂ, ನಮ್ಮದೇ ಲಿಕ್ವಿಡ್ ಇದೆ" ಅಂದ ಅದೇ ಹುಡುಗ. ತರಿಸಿ ಸಿಂಪಡಿಸಿದ್ದಾಯಿತು. ಕಾಯಿ ಮಾತ್ರ ಕಪ್ಪಾಗುತ್ತಲೇ ಇತ್ತು.

ಅಷ್ಟರಲ್ಲಿ ನಮ್ಮ ಭಾವ ಬಂದಿದ್ದರು. ಮುಳಬಾಗಿಲು ಕಡೆ ಟೊಮೇಟೊ ಬೆಳೆದು ಕೋಲಾರ ಮಾರ್ಕೆಟ್ಟಿಗೆ ಹಾಕುವವರು. ಗಿಡದ ಎಲೆ ಕಡೆ ನೋಡಲೇ ಇಲ್ಲ. ಒಂದು ಬ್ಯಾಗನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗೆ ಮಣ್ಣೇ ಕಾಣುತ್ತಿಲ್ಲ. ಬೆಳ್ಳಗಿನ ಬೇರು ಬ್ಯಾಗಿನ ಒಳಮೈಗೆ ಅಂಟಿಕೊಂಡು ಸುತ್ತು ಹೊಡೆದಿದೆ. ತಳದಲ್ಲಿ ಬೇರಿನ ಚಾಪೆ, ಬೆರಳು ಇಟ್ಟರೂ ಇಳಿಯುವುದಿಲ್ಲ. "ಔಷಧಿ ಯಾಕಮ್ಮ ಹೊಡೀತೀಯ, ಇದಕ್ಕೆ ಜಾಗ ಸಾಲ್ತಾ ಇಲ್ಲ" ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಯಲ್ಲೇ ಸಾಗುತ್ತದೆ. ಚಿಕ್ಕ ಬ್ಯಾಗು ಒಂದೇ ಹೊತ್ತಿಗೆ ಒಣಗುತ್ತದೆ, ಮತ್ತೆ ನೀರು ಸುರಿಯುತ್ತೇವೆ, ಮತ್ತೆ ಒಣಗುತ್ತದೆ. ಹೀಗೆ ಏರುಪೇರಾದಾಗ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಯ ತುದಿ ಮುಟ್ಟುವುದಿಲ್ಲ. ಅಂದರೆ ಚಿಕ್ಕ ಬ್ಯಾಗು ಮಾರಿದವರೇ ಆ ಬ್ಯಾಗಿನಿಂದ ಬಂದ ತೊಂದರೆಗೆ ಬಾಟಲಿಯನ್ನೂ ಮಾರಿದರು. ವ್ಯಾಪಾರ ಅಂದರೆ ಇದಪ್ಪಾ!

ಹಾಗಾದರೆ ಎಷ್ಟು ದೊಡ್ಡದು ಬೇಕು? ಮೆಣಸಿನಕಾಯಿ, ಬದನೆಗೆ ನಿಜವಾದ 12×12, ಅಂದರೆ 20 ಲೀಟರಿಗೆ ಕಡಿಮೆ ಬೇಡ. ಟೊಮೇಟೊಗೂ ಅದೇ ಕನಿಷ್ಠ. ಅರ್ಕಾ ರಕ್ಷಕ್‌ನಂಥ ಕೋಲು ಕಟ್ಟಿ ಬೆಳೆಸುವ ಹೈಬ್ರಿಡ್ ಆದರೆ 15×15 ಕೊಡಿ, ಅದು 40 ಲೀಟರಿನ ಮೇಲಾಗುತ್ತದೆ. ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್‌ಗೆ ಆಳ ಬೇಡ, ಅಗಲ ಬೇಕು. 6ರಿಂದ 9 ಇಂಚು ಆಳದ ಅಗಲವಾದ ಟ್ರೇ ಸಾಕು. ಅವಕ್ಕೂ 12 ಇಂಚು ಎತ್ತರದ ಬ್ಯಾಗು ತಗೊಂಡು ಮಣ್ಣು ಸುಮ್ನೆ ದಂಡ ಮಾಡುವವರಿದ್ದಾರೆ. ಕರಿಬೇವು, ನಿಂಬೆ ವರ್ಷಗಟ್ಟಲೆ ಇರುವ ಗಿಡ. 200 ಲೀಟರಿನ ನೀಲಿ ಡ್ರಮ್ಮನ್ನು ಎರಡು ಮಾಡಿಸಿ ಹಾಕಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಗುಜರಿಯವನನ್ನು ಕೇಳದೆ ತರಬೇಡಿ. ಕೆಮಿಕಲ್, ಕೀಟನಾಶಕ ಇದ್ದ ಡ್ರಮ್ಮು ಎಷ್ಟು ತೊಳೆದರೂ ಅಡುಗೆಗೆ ಹಾಕುವ ಗಿಡಕ್ಕೆ ಬೇಡ.

ಬ್ಯಾಗಿನ ಜಾತಿಯ ಬಗ್ಗೆಯೂ ಎಚ್ಚರ ಬೇಕು. ನಮಗೆ ಬಂದದ್ದು 260 ಜಿಎಸ್‌ಎಂ ಅಂತ ಹೇಳಿದ ತೆಳು ಪ್ಲಾಸ್ಟಿಕ್. ಬಿಸಿಲು ತಿಂದು ತಿಂದು ಅಂಚು ಹಪ್ಪಳದ ಹಾಗೆ ಪುಡಿಯಾಯಿತು, ಹಿಡಿ ಹಿಡಿದು ಎತ್ತಿದರೆ ಹಿಡಿಯೇ ಕೈಗೆ ಬಂತು. ಒಳ್ಳೆಯ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬ್ಯಾಗಿನಲ್ಲಿ ನೇಯ್ಗೆಯ ಗೆರೆ ಕಾಣುತ್ತದೆ, ಬಿಸಿಲಿಗೆ ಬೇಗ ಹಾಳಾಗದಂತೆ ಯುವಿ ಟ್ರೀಟ್ ಮಾಡಿರುತ್ತಾರೆ, ಹೊಲಿಗೆ ಎರಡು ಸಾಲು ಇರುತ್ತದೆ. ಹೊರಮೈ ತಿಳಿ ಬಣ್ಣದ್ದಿದ್ದರೆ ಬೇರು ಬೇಯುವುದು ಕಡಿಮೆ. ಬಟ್ಟೆಯಂಥ ಬ್ಯಾಗುಗಳಲ್ಲಿ ಬೇರು ಸುತ್ತು ಹೊಡೆಯುವುದಿಲ್ಲ. ಗಾಳಿ ತಾಗಿದ ಕಡೆ ತುದಿ ನಿಂತು ಪಕ್ಕದಲ್ಲಿ ಹೊಸ ಬೇರು ಒಡೆಯುತ್ತದೆ. ಅದು ನಿಜವಾಗಿ ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಎರಡು ಹೊತ್ತು ನೀರು ಬೇಕು. ನಮ್ಮ ಗಡಸು ಬೋರ್‌ವೆಲ್ ನೀರಿಗೆ ಹೊರಮೈ ತುಂಬ ಬೆಳ್ಳಗೆ ಉಪ್ಪು ಕಟ್ಟುತ್ತದೆ. ವಾರಗಟ್ಟಲೆ ಊರಿಗೆ ಹೋಗುವವರು ಅದನ್ನು ತಗೊಳ್ಳಬೇಡಿ. ದುಡ್ಡು ಉಳಿಸಬೇಕಾದರೆ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಚೆನ್ನಾಗಿ ಉಜ್ಜಿ ತೊಳೆದು, ತಳಕ್ಕೆ ಕಾಯಿಸಿದ ಕಬ್ಬಿಣದಲ್ಲಿ ನಾಲ್ಕಾರು ತೂತು ಮಾಡಿ. ಅದರಲ್ಲಿ ಅಳತೆ ಮೋಸ ಇಲ್ಲ, ಲೀಟರ್ ಮೇಲೆಯೇ ಬರೆದಿರುತ್ತದೆ.

ದೊಡ್ಡದು ತಗೊಳ್ಳಿ ಅಂದೆ ಅಂತ ತಾರಸಿ ತುಂಬ ಒತ್ತಿ ಜೋಡಿಸಬೇಡಿ. 22 ಲೀಟರಿನ ಬ್ಯಾಗು ನೀರು ಕುಡಿದ ಮೇಲೆ 25 ಕೆಜಿ ಮೀರುತ್ತದೆ. ಒಂದಕ್ಕೊಂದು ತಾಗಿಸಿ ಇಟ್ಟರೆ ಚದರ ಮೀಟರಿಗೆ ಹತ್ತು ಹಿಡಿಯುತ್ತವೆ, 250 ಕೆಜಿ ಆಯಿತು. ಓಡಾಡುವ ತಾರಸಿಗೆ ಇಂಜಿನಿಯರ್‌ಗಳು ಐಎಸ್ 875 ಅನ್ನುವ ಭಾರತೀಯ ಮಾನದಂಡದಂತೆ ಹಿಡಿಯುವ ಭಾರದ ಲೆಕ್ಕ ಚದರ ಮೀಟರಿಗೆ 150 ಕೆಜಿ. ಗೋಡೆ, ಬೀಮಿನ ಸಾಲಿನಲ್ಲಿ ಇಡಿ, ನಡುವೆ ಖಾಲಿ ಬಿಡಿ, ಕೆಳಗೆ ಸ್ಟ್ಯಾಂಡೋ ಇಟ್ಟಿಗೆಯೋ ಕೊಟ್ಟು ನೀರು ಹರಿಯುವ ಹಾಗೆ ಮಾಡಿ. ಗಿಡದ ಬಗ್ಗೆ ಅನುಮಾನ ಬಂದರೆ ಮಾರಿದವನನ್ನು ಕೇಳಬೇಡಿ. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಊರಿನ ಪಕ್ಕದಲ್ಲೇ ಇದೆ. ಕಾಯಿ, ಎಲೆ ಎರಡನ್ನೂ ತಗೊಂಡು ಹೋಗಿ ತೋರಿಸಿ.

ದುಡ್ಡಿನ ವಿಷಯ. "ಮಣ್ಣು ತುಂಬಿದ ಮಾಲು ವಾಪಸ್ ಇಲ್ಲ" ಅಂದರು ಮೊದಲು. ಜಾಹೀರಾತಿನ ಸ್ಕ್ರೀನ್‌ಶಾಟು, ಟೇಪು ಇಟ್ಟ ಫೋಟೊ ಎರಡನ್ನೂ ಕಳಿಸಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ಬ್ಯಾಗಿನ ಅರ್ಧ ದುಡ್ಡು ಬಂತು. ಬಾಟಲಿಯದು ಬರಲಿಲ್ಲ, ಸೀಲ್ ಒಡೆದಿದೆಯಂತೆ. ನೀವು ಪಾರ್ಸೆಲ್ ಬಿಚ್ಚಿದ ಕೂಡಲೇ ಒಂದು ಬ್ಯಾಗನ್ನು ದುಂಡಗೆ ನಿಲ್ಲಿಸಿ, ಬಾಯಿಗೆ ಟೇಪು ಇಟ್ಟು ಫೋಟೊ ತೆಗೆಯಿರಿ. ಮಣ್ಣು ಆಮೇಲೆ ತುಂಬಿ.