ಒಣ ಬಯೋಚಾರ್ ನೇರ ಹೊಲಕ್ಕೆ ಹಾಕ್ಬೇಡಿ, ನನ್ನ ಬೆಳೆ ಹೋಯ್ತು

ಬಯೋಚಾರ್ (ಮರ, ಬೆಳೆ ಕಸವನ್ನ ಗಾಳಿ ಕಮ್ಮಿ ಕೊಟ್ಟು ಸುಟ್ಟು ಮಾಡೋ ಇದ್ದಿಲು) ಹಾಕಿದ್ರೆ ಗೊಬ್ಬರದ ಖರ್ಚು ಅರ್ಧಕ್ಕೆ ಇಳಿಯುತ್ತೆ ಅಂತ ಮಾರಿದವರು ಹೇಳಿದ್ದನ್ನ ನಂಬಿ, ಎಕರೆಗೆ 2 ಟನ್ ಲೆಕ್ಕದಲ್ಲಿ ಒಣ ಪುಡಿ ಚೆಲ್ಲಿ, ರೋಟವೇಟರ್ ಹೊಡೆಸಿ, ನಾಲ್ಕೇ ದಿನಕ್ಕೆ ಮೆಕ್ಕೆಜೋಳ ಬಿತ್ತಿ, ಅದೇ ಬೆಳೆಗೆ ಯೂರಿಯಾನೂ ಅರ್ಧ ಮಾಡ್ಬಿಟ್ಟೆ. ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ.

ಮೊಳಕೆ ಚೆನ್ನಾಗೇ ಬಂತು. ಮೂರು ವಾರ ಕಳೀತಿದ್ದಂಗೆ ಕೆಳಗಿನ ಎಲೆಗಳ ತುದಿಯಿಂದ ಹಳದಿ ಶುರುವಾಗಿ ನಡುನರ ಹಿಡ್ಕೊಂಡು ಬುಡದ ಕಡೆ ಇಳೀತಾ ಬಂತು, ಅದು ಸಾರಜನಕ ಸಿಗದೆ ಬರೋ ಹಳದಿ. ಆಮೇಲೆ ಎಳೆ ಎಲೆಗಳಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ, ಅದು ಸತುವಿನ ಕೊರತೆ. ಪುಡಿ ಹಾಕದೆ ಹಾಗೇ ಬಿಟ್ಟಿದ್ದ ಬದುವಿನ ಪಕ್ಕದ ನಾಲ್ಕು ಸಾಲು ಮಾತ್ರ ಕಡುಹಸಿರು, ಯೂರಿಯಾ ಅಲ್ಲೂ ಅಷ್ಟೇ ಹಾಕಿದ್ದು. ಅದನ್ನ ನೋಡಿದಾಗ್ಲೇ ಹೊಟ್ಟೆ ಉರಿದದ್ದು.

ಆಗಿದ್ದೇನು ಅಂದ್ರೆ, ಬಯೋಚಾರ್ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ಅವು ಖಾಲಿ ಇದ್ದಾಗ ನಾವು ಹಾಕಿದ ಗೊಬ್ಬರದ ಅಮೋನಿಯಂ ಅಂಶವನ್ನ ತಾವೇ ಹಿಡಿದಿಟ್ಕೊಳ್ತವೆ, ಜೊತೆಗೆ ಪೂರ್ತಿ ಇದ್ದಿಲಾಗದೆ ಉಳಿದ ಭಾಗವನ್ನ ತಿನ್ನೋ ಸೂಕ್ಷ್ಮಜೀವಿಗಳೂ ಮಣ್ಣಿಂದ ಸಾರಜನಕ ಎಳ್ಕೊಳ್ತವೆ, ಗಿಡಕ್ಕೆ ಉಳಿಯೋದೇ ಕಮ್ಮಿ. ಇನ್ನೊಂದು, ನನ್ನ ಮಣ್ಣಿನ ಪಿಎಚ್ ಮೊದಲೇ 8.2 ಇತ್ತು, ಅಂದ್ರೆ ಕ್ಷಾರ ಮಣ್ಣು. ಬಯೋಚಾರ್ ಸಾಮಾನ್ಯವಾಗಿ ಕ್ಷಾರ, ಹುಳಿ ಮಣ್ಣಿಗೆ ಅದು ನಿಜವಾಗ್ಲೂ ಒಳ್ಳೇದು, ಆದ್ರೆ ಕ್ಷಾರ ಮಣ್ಣಿಗೆ ಹಾಕಿದ್ರೆ ಸತು, ಕಬ್ಬಿಣ, ರಂಜಕ ಗಿಡಕ್ಕೆ ಸಿಗೋದು ಇನ್ನೂ ಕಷ್ಟ, ಮೇಲೆ ಚೆಲ್ಲಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗೋದೂ ಜಾಸ್ತಿ. ಮಣ್ಣು ಪರೀಕ್ಷೆಯ ಚೀಟಿ ಮನೇಲೇ ಇತ್ತು, ತೆಗೆದು ನೋಡಿದ್ದಿದ್ರೆ ಸಾಕಿತ್ತು. ಬಿತ್ತಿದ ಮೇಲೆ ಹೊಡೆದ ಕಳೆನಾಶಕನೂ ಕೆಲಸ ಮಾಡ್ಲಿಲ್ಲ, ಅದನ್ನೂ ಇದ್ದಿಲು ಹೀರ್ಕೊಂಡಿತ್ತು, ಕಳೆ ಮೊಣಕಾಲುದ್ದ ಬಂತು.

ಬಯೋಚಾರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹೊಲಕ್ಕೆ ಹಾಕೋ ಮುಂಚೆ ಅದರ ಹೊಟ್ಟೆ ತುಂಬಿಸ್ಬೇಕು: ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಸಗಣಿ ಬಗ್ಗಡದ ಜೊತೆ ಕಲಸಿ 2ರಿಂದ 4 ವಾರ ತೇವ ಆರದಂಗೆ ಇಡಿ. ಮೊದಲ ಬೆಳೆಗೆ ಗೊಬ್ಬರ ಕಮ್ಮಿ ಮಾಡ್ಲೇಬೇಡಿ. ಕೊಳ್ಳೋವಾಗ ಯಾವುದನ್ನ ಸುಟ್ಟಿದ್ದು ಅಂತ ಕೇಳಿ, ಬಣ್ಣ ಬಳಿದ ಮರ, ಕೆಮಿಕಲ್ ಹಾಕಿದ ಮರದ್ದಾದ್ರೆ ಮುಟ್ಟಲೇಬೇಡಿ. ಒಂದು ಹಿಡಿ ಅಂಗೈಲಿ ಉಜ್ಜಿ ನೋಡಿ, ಬರೀ ನೀರಲ್ಲಿ ಕೈ ತೊಳ್ಕೊಂಡ್ರೆ ಮಸಿ ಹೋಗ್ಬೇಕು, ಎಣ್ಣೆ ಥರ ಅಂಟಿ ಡಾಂಬರು ವಾಸನೆ ಬಂದ್ರೆ ಸರಿಯಾಗಿ ಸುಟ್ಟಿಲ್ಲ ಅಂತ. ಚೆಲ್ಲೋವಾಗ ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಒಂದ್ಸಲ ಮಣ್ಣಿಗೆ ಸೇರಿದ್ರೆ ವಾಪಸ್ ತೆಗೆಯೋಕಾಗಲ್ಲ, ನೂರಾರು ವರ್ಷ ಉಳಿಯೋ ವಸ್ತು ಅದು, ಅದಕ್ಕೇ ಮೊದಲು ಎರಡೇ ಸಾಲಿಗೆ ಹಾಕಿ ನೋಡಿ. ನನ್ನ ಹತ್ರ ಉಳಿದಿದ್ದ ಆರು ಚೀಲ ಈಗ ಕಾಂಪೋಸ್ಟ್ ಗುಂಡೀಲಿ ನೆನೀತಿದೆ, ಮುಂದಿನ ಬೆಳೆಗೆ ಎರಡೇ ಸಾಲಿಗೆ ಹಾಕ್ತೀನಿ.