ಹಳೆಯ ಶಕ್ತಿಮಾನ್ ಲಾರಿ ಇಟ್ಟುಕೊಂಡವರಿಗೆ: ‘ನಿಮ್ಮ ಹಳೇ ಪಿಸ್ಟನ್’ ಎಂದು ಕೊಡುವ ಚೀಲವನ್ನು ನಂಬಬೇಡಿ

ಹರಾಜಿನಲ್ಲಿ ಬಂದ ಹಳೆಯ ಮಿಲಿಟರಿ ಲಾರಿಗಳನ್ನು ತೋಟದ ಕೆಲಸಕ್ಕೆ ಇಟ್ಟುಕೊಂಡಿರುವ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ‘ಮಿಲಿಟರಿ ಗಾಡಿ ಸ್ಪೆಷಲಿಸ್ಟ್’ ಎಂದು ಬೋರ್ಡು ಹಾಕಿಕೊಂಡಿರುವ ಹೆದ್ದಾರಿ ಬದಿಯ ಗ್ಯಾರೇಜೊಂದು ಎಂಜಿನ್ನಿನ ಪೂರ್ತಿ ಓವರ್‌ಹಾಲ್‌ಗೆಂದು ನನ್ನಿಂದ ಹಣ ಪಡೆದು, ಆ ಎಂಜಿನ್ನನ್ನು ಬಿಚ್ಚದೆಯೇ ಹಿಂದಿರುಗಿಸಿದೆ. ಬಿಚ್ಚಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಗೋಣಿಚೀಲವನ್ನೂ ಕೊಟ್ಟಿದೆ. ವಕೀಲರು ಬೇಡವೆಂದಿರುವುದರಿಂದ ಹೆಸರು ಹಾಕುತ್ತಿಲ್ಲ. ನಡೆದ ರೀತಿಯನ್ನಷ್ಟೇ ಹೇಳುತ್ತೇನೆ, ಗುರುತು ಹಿಡಿಯಬೇಕಾದವರು ಹಿಡಿಯುತ್ತಾರೆ.

ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಯ ಉತ್ಪಾದನೆ 1996ರಲ್ಲೇ ನಿಂತಿದೆ. ಬಿಡಿಭಾಗ ಸಿಗುವುದು ಕಷ್ಟ, ಅದನ್ನು ಬಲ್ಲ ಮೆಕ್ಯಾನಿಕ್ ಸಿಗುವುದು ಇನ್ನೂ ಕಷ್ಟ. ಆದರೂ ಮುಂದಿನ ಆಕ್ಸಲ್ ಹಾಕಿಕೊಂಡು, ಮಳೆಗಾಲದ ಕೆಸರಿನ ಏರಿನಲ್ಲಿ ಸಿಲ್ವರ್ ಓಕ್ ದಿಮ್ಮಿಗಳನ್ನು ಹೊತ್ತು ಹತ್ತುವ ಗಾಡಿ ಈ ಬೆಲೆಗೆ ಬೇರೆ ಸಿಗದ ಕಾರಣ ನಾವು ಇದನ್ನು ಬಿಡುವುದಿಲ್ಲ. ಇಂಥ ಗ್ಯಾರೇಜುಗಳು ಬದುಕುತ್ತಿರುವುದೂ ನಮ್ಮ ಈ ಹಟದ ಮೇಲೆಯೇ.

ಗಾಡಿಗಿದ್ದ ತೊಂದರೆ ಇಷ್ಟೇ. ರಾತ್ರಿ ನಿಂತರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಪ್ರೈಮರನ್ನು ಕೈಯಿಂದ ಒತ್ತಿ ಒತ್ತಿ ಕೈ ಸೋತ ಮೇಲೆ ಬಿಳಿ ಹೊಗೆ ಉಗುಳುತ್ತ ಏಳುತ್ತಿತ್ತು. ಲೋಡು ಹೊತ್ತು ಏರು ಹತ್ತುವಾಗ ಒಮ್ಮೊಮ್ಮೆ ನಡುವೆಯೇ ಆಫ್ ಆಗುತ್ತಿತ್ತು. ಡೀಸೆಲ್ ಗಾಡಿಯ ಸಹವಾಸ ಇರುವ ಯಾರಿಗಾದರೂ ಈ ಮೂರು ಮಾತು ಕೇಳಿದೊಡನೆ ಡೀಸೆಲ್ ಪೈಪಿನ ಲೈನಿನಲ್ಲಿ ಏರ್ ಹಿಡಿಯುತ್ತಿದೆಯೇ ಎಂಬ ಅನುಮಾನ ಬರಬೇಕು. ಸೇನೆಯ ವಾಹನ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗದಿಂದ ನಿವೃತ್ತನಾದವನು ಎಂದು ಹೇಳಿಕೊಂಡ ಆ ಗ್ಯಾರೇಜಿನ ಮಾಲೀಕ ಡೀಸೆಲ್ ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಬಂದ ಆವಿಯನ್ನು ತೋರಿಸಿ, ‘ಕಂಪ್ರೆಷನ್ನೇ ಇಲ್ಲ ಸಾರ್, ಬೋರ್ ಹೋಗಿದೆ’ ಎಂದ. ಸಿಲಿಂಡರಿನ ಒಳಗೋಡೆ ಸವೆದು ಒತ್ತಡ ನಿಲ್ಲುತ್ತಿಲ್ಲ ಎಂದು ಅದರ ಅರ್ಥ. ಒತ್ತಡ ಅಳೆಯುವ ಗೇಜ್ ಹಾಕಿ ನೋಡಿ ಎಂದು ನಾನು ಹೇಳಿದ್ದಕ್ಕೆ ಅವನ ಉತ್ತರ: ‘ಶಕ್ತಿಮಾನ್‌ಗೆ ಗೇಜ್ ಕೂರಲ್ಲ ಸಾರ್, ನಮ್ಮ ಕಿವಿಯೇ ಗೇಜು.’

ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ರಿಂಗ್, ಬೇರಿಂಗ್, ಆರು ಹೊಸ ನೋಜಲ್ (ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿ), ಪಂಪ್ ಕ್ಯಾಲಿಬ್ರೇಷನ್ (ನೋಜಲ್‌ಗೆ ಡೀಸೆಲ್ ಕೊಡುವ ಪಂಪಿನ ಅಳತೆ ಹೊಂದಿಸುವುದು), ಲೇಬರ್ ಎಲ್ಲ ಸೇರಿ 1,85,000 ರೂಪಾಯಿ ಕೊಟ್ಟೆ. ಕೊಟ್ಟ ಕಾಗದದ ತಲೆಯ ಮೇಲೆ ‘ಎಸ್ಟಿಮೇಟ್’ ಎಂದಿತ್ತು, ಜಿಎಸ್‌ಟಿ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಗಾಡಿ ತರಲು ಹೋದಾಗ ಹುಡುಗನನ್ನು ಕೂಗಿ ಒಂದು ಗೋಣಿಚೀಲ ತರಿಸಿ, ನನ್ನ ಕಾಲ ಬಳಿ ಸುರಿಸಿದ. ಮಸಿ ಮೆತ್ತಿದ ಪಿಸ್ಟನ್ನುಗಳು, ಸವೆದ ರಿಂಗುಗಳು. ‘ನಿಮ್ಮ ಹಳೇ ಸಾಮಾನು ಸಾರ್. ಒಂದೂ ನಾವು ಇಟ್ಟುಕೊಂಡಿಲ್ಲ, ಎಣಿಸಿಕೊಳ್ಳಿ’ ಎಂದ. ಎಣಿಸಿದೆ, ಸರಿಯಾಗಿ ಆರಿದ್ದವು. ಬಿಚ್ಚಿದ ಸಾಮಾನನ್ನು ಗುಜರಿಗೆ ಹಾಕದೆ ಕೈಗೆ ಕೊಡುವ ಗ್ಯಾರೇಜು ಪ್ರಾಮಾಣಿಕವಾದದ್ದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಂಬಿಕೆ. ಆ ನಂಬಿಕೆಯನ್ನೇ ಆತ ಬಂಡವಾಳ ಮಾಡಿಕೊಂಡಿದ್ದಾನೆ. ಸಾಲದ್ದಕ್ಕೆ, ನಾನು ಕೇಳದಿದ್ದರೂ ಗಾಡಿಯ ಮೈಗೆ ಹಸಿರು ಮಿಲಿಟರಿ ಬಣ್ಣ ಹೊಡೆದಿದ್ದ. ಸೇನೆಗೆ ಸೇರದ ವಾಹನಕ್ಕೆ ಆಲಿವ್ ಗ್ರೀನ್ ಬಣ್ಣ ಬಳಿಯಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಮಿಲಿಟರಿಯಲ್ಲಿದ್ದವನಿಗೆ ಅದು ಗೊತ್ತಿರಬೇಡವೇ?

ತೋಟಕ್ಕೆ ತಂದ ಮೇಲೆ ಹಳೆಯ ತೊಂದರೆ ಹೋಗಲಿಲ್ಲ, ಹೊಸದು ಸೇರಿತು. ಎಂಜಿನ್ ಬಡಿಯಲು ತೊಡಗಿತು, ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ. ಫೋನ್ ಮಾಡಿದರೆ, ‘ರನ್ನಿಂಗ್-ಇನ್ ಆಗಲಿ ಸಾರ್, ಐನೂರು ಕಿಲೋಮೀಟರ್ ಓಡಲಿ’ ಎಂದ. ತೋಟದೊಳಗೆ ಓಡುವ ಲಾರಿ ಐನೂರು ಕಿಲೋಮೀಟರ್ ಓಡುವುದು ಯಾವ ಕಾಲಕ್ಕೆ? ಮತ್ತೆ ಫೋನ್ ಮಾಡಿದೆ. ‘ಮಿಲಿಟರಿ ಗಾಡಿ ಹೊಗೆ ಬಿಡದೆ ಹೂವು ಬಿಡುತ್ತಾ ಸಾರ್?’ ಎಂದು ನಕ್ಕ. ಆ ನಗು ಇನ್ನೂ ಕಿವಿಯಲ್ಲಿದೆ. ಕೊನೆಗೆ ದಿಮ್ಮಿ ಕೊಳ್ಳಲು ಬಂದಿದ್ದ ವ್ಯಾಪಾರಿಯ ಎದುರೇ, ಆಳುಗಳೆಲ್ಲ ನೋಡುತ್ತಿದ್ದ ಹಾಗೆ, ಓವರ್‌ಹಾಲ್ ಆದ ಗಾಡಿ ಏರಿನಲ್ಲಿ ಕೆಟ್ಟು ನಿಂತು, ಪಕ್ಕದ ತೋಟದವರ ಟ್ರ್ಯಾಕ್ಟರಿನಿಂದ ಅದನ್ನು ಎಳೆಸಬೇಕಾಯಿತು. ‘ಎಷ್ಟು ಖರ್ಚಾಯಿತು?’ ಎಂದು ಆ ವ್ಯಾಪಾರಿ ಕೇಳಿದಾಗ ನನಗೆ ಬಾಯಿ ಬರಲಿಲ್ಲ.

ಹಾಸನದಿಂದ ಕರೆಸಿದ ವಯಸ್ಸಾದ ಪಂಪ್ ಮೇಸ್ತ್ರಿಯೊಬ್ಬರು ಮೊದಲು ಮಾಡಿದ ಕೆಲಸವೆಂದರೆ ಟ್ಯಾಂಕಿನ ಲೈನನ್ನು ಕಳಚಿ, ಎತ್ತರದಲ್ಲಿ ಒಂದು ಕ್ಯಾನ್ ಡೀಸೆಲ್ ಕಟ್ಟಿ, ಅಲ್ಲಿಂದ ನೇರವಾಗಿ ಫೀಡ್ ಪಂಪಿಗೆ ಪೈಪ್ ಕೊಟ್ಟದ್ದು. ಗಾಡಿ ಕೂಡಲೇ ಸ್ಟಾರ್ಟ್ ಆಯಿತು, ನಿಲ್ಲದೆ ಓಡಿತು. ಟ್ಯಾಂಕಿನ ಬಳಿಯ ರಬ್ಬರ್ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಡೀಸೆಲ್ ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳು ಬಿಗಿಯಾಗಿ ಕೂರುತ್ತಿರಲಿಲ್ಲ. ಆ ದಾರಿಯಿಂದ ಗಾಳಿ ಒಳಹೋಗುತ್ತಿತ್ತು, ರಾತ್ರಿ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿತ್ತು. ಇದು ಕೆಲವೇ ನೂರು ರೂಪಾಯಿಗಳ ಸಾಮಾನು.

ಹಾಗಾದರೆ ಬಡಿತ ಎಲ್ಲಿಂದ ಬಂತು ಎಂದು ಅವರು ನೋಜಲ್ ಬಿಚ್ಚಿದರು. ಶಕ್ತಿಮಾನ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ತಲೆಯಲ್ಲೇ ಉಂಡೆಯಾಕಾರದ ಆಳವಾದ ಗುಳಿ ಇರುತ್ತದೆ. ಮಾನ್ ಕಂಪನಿ 1950ರ ದಶಕದಲ್ಲಿ ರೂಪಿಸಿದ ಕ್ರಮದಂತೆ, ನೋಜಲ್ ಡೀಸೆಲ್ಲನ್ನು ಗಾಳಿಯಲ್ಲಿ ಚದುರಿಸದೆ ಆ ಗುಳಿಯ ಗೋಡೆಗೆ ತೆಳುವಾಗಿ ಸವರುತ್ತದೆ. ಬಿಸಿ ಗೋಡೆಯಿಂದ ಅದು ಆವಿಯಾಗಿ, ಸುತ್ತುವ ಗಾಳಿಯೊಡನೆ ಬೆರೆತು ಉರಿಯುವುದರಿಂದಲೇ ಈ ಎಂಜಿನ್ನಿನ ಸದ್ದು ಮೆತ್ತಗಿರುತ್ತದೆ. ನನ್ನ ಗಾಡಿಗೆ ಹಾಕಿದ್ದು ಬೇರೆ ಯಾವುದೋ ಲಾರಿಯ, ಸುತ್ತಲೂ ಚಿಮ್ಮಿಸುವ ಹಲವು ತೂತಿನ ನೋಜಲ್. ಕ್ಯಾಲಿಬ್ರೇಷನ್ ಆಗಿದೆ ಎಂದ ಪಂಪಿನ ಲೆಡ್ ಸೀಲ್ (ಅಳತೆ ಹೊಂದಿಸಬೇಕಾದರೆ ಒಡೆಯಬೇಕಾದ ಸೀಸದ ಮುದ್ರೆ) ಒಡೆದಿರಲಿಲ್ಲ. ಪಂಪನ್ನು ಕಟ್ಟಿರುವ ಬೋಲ್ಟುಗಳ ಮೇಲಿನ ಹಳೆಯ ಬಣ್ಣಕ್ಕೆ ಸ್ಪಾನರ್ ತಾಗಿದ ಗುರುತೂ ಇರಲಿಲ್ಲ. ಆಗ ನಾನೇ ಹೆಡ್ ಬಿಚ್ಚಿಸಿದೆ. ಲೈನರಿನ ಮೇಲಂಚಿನಲ್ಲಿ ಉಗುರಿಗೆ ಸಿಗುವ ಸವೆತದ ಅಂಚು, ಪಿಸ್ಟನ್ ಮೇಲೆ ವರ್ಷಗಟ್ಟಲೆಯ ಮಸಿ. ಹೊಸ ಲೈನರಿಗೆ ಅಂಥ ಅಂಚು ಇರಲು ಸಾಧ್ಯವೇ ಇಲ್ಲ.

ಮೇಸ್ತ್ರಿಯವರು, ‘ಆ ಚೀಲ ತನ್ನಿ ಗೌಡ್ರೆ’ ಎಂದರು. ತಂದು ಸುರಿದೆವು. ಚೀಲದ ಪಿಸ್ಟನ್ನುಗಳ ತಲೆಯಲ್ಲಿ ಉಂಡೆಯ ಗುಳಿಯೇ ಇಲ್ಲ, ಅಗಲವಾದ ಆಳವಿಲ್ಲದ ತಗ್ಗು. ಅವು ಯಾವ ಕಾಲಕ್ಕೂ ನನ್ನ ಎಂಜಿನ್ನಿನೊಳಗೆ ಇದ್ದವಲ್ಲ. ಯಾರದೋ ಗಾಡಿಯ ಗುಜರಿಯನ್ನು ನನ್ನದೆಂದು ನನ್ನಿಂದಲೇ ಎಣಿಸಿಸಿ, ನನ್ನ ಜೀಪಿನಲ್ಲಿಯೇ ಹೊರಿಸಿ ಕಳುಹಿಸಿದ್ದ. ಮೇಸ್ತ್ರಿಯವರು ಮಾತಾಡಲಿಲ್ಲ, ಅವರ ಜೊತೆಗೆ ಬಂದಿದ್ದ ಹುಡುಗ ಮಾತ್ರ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದ. ಹಣಕ್ಕಿಂತ ಹೆಚ್ಚು ಉರಿದದ್ದು ಅದಕ್ಕೆ.

ಫೋಟೋಗಳನ್ನು ಕಳುಹಿಸಿದ ಮೇಲೆ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಪಿಸ್ಟನ್ ವಿಚಾರಕ್ಕೆ, ‘ಹುಡುಗರು ಚೀಲ ಅದಲುಬದಲು ಮಾಡಿರಬೇಕು.’ ಸೀಲ್ ವಿಚಾರಕ್ಕೆ, ‘ಸೀಲ್ ಒಡೆಯದೆ ಕ್ಯಾಲಿಬ್ರೇಷನ್ ಮಾಡೋದು ಮಿಲಿಟರಿ ಸಿಸ್ಟಮ್, ಸಿವಿಲ್‌ನವರಿಗೆ ಗೊತ್ತಾಗಲ್ಲ.’ ಹಳೆಯ ಲೈನರ್ ವಿಚಾರಕ್ಕೆ, ‘ನಿಮ್ಮ ಹಾಸನದ ಮೇಸ್ತ್ರಿ ನಾವು ಹಾಕಿದ ಹೊಸದನ್ನು ತೆಗೆದು ಹಳೇದು ಕೂರಿಸಿರಬಹುದು, ಅವರನ್ನೇ ಕೇಳಿ.’ ಕೂಲಿಗಿಂತ ಒಂದು ರೂಪಾಯಿ ಹೆಚ್ಚು ಕೇಳದ ಮನುಷ್ಯನ ಮೇಲೆ ಕಳ್ಳತನ ಹೊರಿಸಿದ! ಅದಾದ ಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾನೆ. ಈಗ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆ ಗ್ಯಾರೇಜಿನ ಊರಿಗೆ ಅಲೆಯಬೇಕಿಲ್ಲ.

ಬೋರ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕ್ಯಾನ್ ಕಟ್ಟಿ ಓಡಿಸಿ ನೋಡಿ. ಹೆಡ್ ಎತ್ತುವಾಗ ಎದುರಿಗೆ ನಿಲ್ಲಿ. ಪಂಪ್ ಕ್ಯಾಲಿಬ್ರೇಷನ್ನಿಗೆ ಪಂಪ್ ಅಂಗಡಿಯವರದೇ ಬಿಲ್ ಬೇಕೆಂದು ಕೇಳಿ, ‘ಎಸ್ಟಿಮೇಟ್’ ಕಾಗದಕ್ಕೆ ಹಣ ಕೊಡಬೇಡಿ. ಇಎಂಇ ಎಂದು ಹೇಳುವವನು ತನ್ನ ಡಿಸ್ಚಾರ್ಜ್ ಪುಸ್ತಕ ತೋರಿಸಲಿ. ಕೇಳದೆಯೇ ಹಸಿರು ಬಣ್ಣ ಬಳಿಸಿಕೊಂಡು ಬಂದ ಶಕ್ತಿಮಾನ್ ನಿಮ್ಮಲ್ಲಿಯೂ ಇದ್ದು ಅದು ಬಡಿಯುತ್ತಿದ್ದರೆ, ಒಂದು ನೋಜಲ್ ತೆಗೆಸಿ ತೂತು ಎಷ್ಟಿವೆ ನೋಡಿ, ಕೊಟ್ಟ ಚೀಲವನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಇನ್ನೊಂದು ಅಂಥ ಚೀಲ ಸಿಕ್ಕರೆ ಆಯೋಗದ ಮುಂದೆ ‘ಹುಡುಗರು ಅದಲುಬದಲು ಮಾಡಿದರು’ ಎಂಬ ಅವನ ಮಾತು ನಡೆಯುವುದಿಲ್ಲ ಎಂದು ನಮ್ಮ ವಕೀಲರು ಹೇಳುತ್ತಾರೆ.