ರಾಯಚೂರಿನ ಬಿಸಿಲಲ್ಲಿ ಗರ್ಭಿಣಿಯರ ಬೆಲ್ಟ್: ಹೆರಿಗೆವರೆಗೂ ಬಳಸಿ ನೋಡಿದ್ದು

ನಡೆಯುವಾಗ, ನಿಂತು ಕೆಲಸ ಮಾಡುವಾಗ ಈ ಬೆಲ್ಟ್ ನಿಜವಾಗಲೂ ಆಸರೆ ಕೊಡುತ್ತದೆ. ರಾತ್ರಿ ನೋವಿಗೆ ಇದರಿಂದ ಏನೂ ಆಗುವುದಿಲ್ಲ.

ಆರನೇ ತಿಂಗಳಿಗೆ ನನಗೆ ನಡ ನೋವು ಶುರುವಾಯಿತು. ಹಿಂದೆ ಸೊಂಟದ ಒಂದು ಮಗ್ಗಲಲ್ಲಿ, ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಲ್ಲಿ. ಮೆಟ್ಟಿಲು ಹತ್ತಿದರೆ ಚುಚ್ಚುತ್ತಿತ್ತು. ಬಸುರಿಗೆ ಇದ್ದದ್ದೇ ಅಂತ ಎಲ್ಲರೂ ಅಂದರು. ಇದ್ದದ್ದೇ ಆದರೂ ಸುಮ್ನೆ ಸಹಿಸಬೇಕಾಗಿಲ್ಲ, ಅಲ್ವಾ? ಹಾರ್ಮೋನಿನಿಂದ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ ಅಂತ ಡಾಕ್ಟರ್ ವಿವರಿಸಿದರು. ಅವರನ್ನು ಕೇಳಿಯೇ ಬೆಲ್ಟ್ ಕೊಂಡೆ.

ಎಲ್ಲಾ ಇರುವುದು ಕಟ್ಟುವ ಜಾಗದಲ್ಲಿ. ಹೊಟ್ಟೆಯ ಮೇಲೆ ಬಿಗಿಯಬಾರದು. ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗಳನ್ನು ಸುತ್ತಿ ಬರಬೇಕು. ಉಸಿರು ಕಟ್ಟಿದರೆ ಅಥವಾ ತೊಡೆ ಜುಮ್ಮೆಂದರೆ ಸಡಿಲಿಸಬೇಕು. ಹೀಗೆ ಕಟ್ಟಿಕೊಂಡರೆ ಸಂತೆಗೆ ಹೋಗಿ ಬರುವುದು, ಟಂಟಂ ಹತ್ತಿ ಇಳಿಯುವುದು ಹಗುರ ಅನ್ನಿಸುತ್ತಿತ್ತು.

ದೊಡ್ಡ ತೊಂದರೆ ಸೆಕೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬರಿ ಮೈಮೇಲೆ ಕಟ್ಟಿದರೆ ಬೆವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ನಾನು ತೆಳು ಹತ್ತಿ ಬಟ್ಟೆಯ ಮೇಲೆ ಕಟ್ಟುತ್ತಿದ್ದೆ, ಕೂತ ತಕ್ಷಣ ಬಿಚ್ಚುತ್ತಿದ್ದೆ. ಇಡೀ ದಿನ ಕಟ್ಟಿಕೊಳ್ಳುವ ವಸ್ತು ಅಲ್ಲ ಇದು.

ಮಲಗುವಾಗ ನನ್ನನ್ನು ಕಾಪಾಡಿದ್ದು ಅವ್ವ ಹೊಲಿದ ಕೌದಿ. ಮಡಚಿ ಎರಡು ಮೊಣಕಾಲಿನ ನಡುವೆ, ಪಾದದವರೆಗೂ ಇಟ್ಟು ಎಡ ಮಗ್ಗಲಿಗೆ ಮಲಗುತ್ತಿದ್ದೆ. ಹೊರಳುವಾಗ ಮೊಣಕಾಲು ಜೋಡಿಸಿಕೊಂಡು ಒಟ್ಟಿಗೆ ತಿರುಗಬೇಕು. ದುಬಾರಿ ದಿಂಬು ಬೇಕಾಗಲಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟು ನಿಂತುಕೊಂಡು ಅಡುಗೆ ಕಟ್ಟೆಯ ಮೇಲೆ ಬಡಿಯಲು ಶುರು ಮಾಡಿದೆ. ಅತ್ತೆಯವರೇ ಕಟ್ಟೆ ಖಾಲಿ ಮಾಡಿ ಕೊಟ್ಟರು. ಲಂಗ, ಪೈಜಾಮ ಕೂತೇ ಹಾಕಿಕೊಳ್ಳಿ. ಒಂಟಿ ಕಾಲಲ್ಲಿ ನಿಂತರೆ ಆ ಮುಂದಿನ ಮೂಳೆಯ ನೋವು ಜಾಸ್ತಿಯಾಗುತ್ತದೆ.

ನೋವು ಬಿಟ್ಟು ಬಿಟ್ಟು ಒಂದೇ ಲೆಕ್ಕದಲ್ಲಿ ಬರುತ್ತಿದ್ದರೆ, ರಕ್ತ ಅಥವಾ ನೀರು ಹೋದರೆ, ಜ್ವರ, ಉರಿಮೂತ್ರ ಇದ್ದರೆ ಬೆಲ್ಟ್ ಹುಡುಕುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆಯನ್ನೂ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ.

ಹೆರಿಗೆಯ ಹೊತ್ತಿಗೆ ವೆಲ್ಕ್ರೋ ಹಿಡಿತ ಕಳೆದುಕೊಂಡಿತ್ತು. ಒಗೆಯುವಾಗ ಅದನ್ನು ಮುಚ್ಚಿ, ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿದರೆ ಇನ್ನಷ್ಟು ಬಾಳಿಕೆ ಬರುತ್ತದೆ. ನನ್ನ ನೆಗೆಣ್ಣಿಗೆ ಈಗ ಐದು ತಿಂಗಳು. ಇದನ್ನೇ ಕೊಡಬಹುದಿತ್ತು, ಆದರೆ ಅವಳ ಅಳತೆ ಬೇರೆ. ಹೊಸದೇ ಕೊಡಿಸುತ್ತಿದ್ದೇನೆ.